ಅಡಿಗೆ ಕಪಾಟಿನ ಬಣ್ಣಕ್ಕೆ ವರ್ಷದ ಮಾತು

ಕಪಾಟಿಗೆ ಬಣ್ಣ ಹಚ್ಚಿ, ಹೊರಗೆ ಬಂದು ಕೈ ತೊಳೆದುಕೊಳ್ಳುವಷ್ಟರಲ್ಲಿ ಯಾರಾದರೂ ಹಿಂದಿನಿಂದ ಕೂಗಿಯೇ ಕೂಗುತ್ತಾರೆ. ಇದು ನನಗೆ ಒಂದು ಸಲ, ಎರಡು ಸಲ ಆದದ್ದಲ್ಲ. ಸಿಂಧನೂರಿನಲ್ಲಿ ಆಗಿದೆ, ಲಿಂಗಸುಗೂರಿನಲ್ಲಿ ಆಗಿದೆ, ಮಸ್ಕಿ ಸಂತೆಯಲ್ಲಿ ಮೆಣಸಿನಕಾಯಿ ಆರಿಸುತ್ತ ಕೂತಾಗ ಆಗಿದೆ. "ಏ ಬಣ್ಣದವನ, ನಿಂದ್ರಪಾ!" ಅಂತ ಯಾರೋ ಅಂದರೆ ಸಾಕು, ನಾನು ಇದ್ದಲ್ಲಿಯೇ ನಿಲ್ಲುತ್ತಿದ್ದೆ. ತಿರುಗಿ ನೋಡದೆಯೇ ಕೇಳುತ್ತಿದ್ದೆ: "ಬಣ್ಣ ಎದ್ದೈತೇನ್ರಿ?" ಅತ್ತಲಿಂದ ಉತ್ತರ: "ಎದ್ದೈತಿ."

ನಿಜಾಮರ ಕಾಲದ ಮಾತು ಇದು. ಉರ್ದು ಶಾಲೆಯಲ್ಲಿ ಮೂರನೇ ಜಮಾತಿನ ತನಕ ಕೂತೆ, ಆಮೇಲೆ ಕೂಡಲಿಲ್ಲ. ನನ್ನದು ನಿಲ್ಲುವ ಕಾಲಲ್ಲ. ಒಂದೇ ಊರಲ್ಲಿ ಎರಡು ಅಮಾವಾಸ್ಯೆ ಕಳೆದರೆ ಅಂಗಾಲು ತುರಿಸಲಿಕ್ಕೆ ಶುರು. ಹಾಗೆ ತಿರುಗುತ್ತ ತಿರುಗುತ್ತ ಲಿಂಗಸುಗೂರಿನ ಒಬ್ಬ ಉಸ್ತಾದರ ಕೈಗೆ ಸಿಕ್ಕೆ. ಅವರು ಮರಕ್ಕೆ ಬಣ್ಣ ಹಚ್ಚುವವರು. ಅದಕ್ಕೂ ಮೊದಲು ನಮ್ಮ ಕಡೆ ಅಡಿಗೆ ಮನೆಯ ಸಾಮಾನೆಲ್ಲ ಗೋಡೆಯ ಮಾಡದಲ್ಲಿ ಇರುತ್ತಿತ್ತು, ಇಲ್ಲ ನೆಲುವಿನಲ್ಲಿ ತೂಗುತ್ತಿತ್ತು. ಲಿಂಗಸುಗೂರಿನ ಸಾಹೇಬರ ಮನೆಗಳಲ್ಲಿ ಬಾಗಿಲಿದ್ದ ಮರದ ಕಪಾಟು ನೋಡಿ ಬಂದ ಮೇಲೆ ಅನುಕೂಲಸ್ಥರ ಮನೆಯ ಹೆಂಗಸರಿಗೆಲ್ಲ ಅದೇ ಬೇಕಾಯಿತು. ಬಡಿಗೇರ ಕಪಾಟು ಮಾಡಿಕೊಟ್ಟು ಆರಾಮಾಗಿ ಮನೆಗೆ ಹೋಗುತ್ತಿದ್ದ. ಅವನಿಗೆ ಒಳ್ಳೆಯ ಹೆಸರು. ಮರ ಎಲ್ಲಿಗೆ ಎದ್ದು ಹೋದೀತು? ಎದ್ದು ಹೋಗುವುದು ಬಣ್ಣ, ಅದು ನನ್ನದು.

ಇನ್ನೊಂದು ತೊಂದರೆ. ಅಡಿಗೆ ಮನೆಯೊಳಗೆ ನನ್ನನ್ನು ಯಾರೂ ಬಿಡುತ್ತಿರಲಿಲ್ಲ. ಕಪಾಟನ್ನೇ ಪಡಸಾಲೆಗೆ ಹೊತ್ತು ತರುತ್ತಿದ್ದರು, ಹಚ್ಚಿ ಕೊಟ್ಟ ಮೇಲೆ ಒಳಗೆ ಒಯ್ಯುತ್ತಿದ್ದರು. ಹೀಗಾಗಿ ನನ್ನ ಬಣ್ಣ ಒಳಗೆ ಹೇಗೆ ಬದುಕುತ್ತದೆ ಎಂಬುದು ನನಗೆ ಗೊತ್ತಾಗುತ್ತಲೇ ಇರಲಿಲ್ಲ. ಸತ್ತ ಮೇಲೆ ಮುಖ ನೋಡಲಿಕ್ಕೆ ಕರೆಯುತ್ತಿದ್ದರು.

ಉಸ್ತಾದರು ಸಾಯುವ ಮುಂದೆ ನನ್ನ ಕೈಯಲ್ಲಿ ಕುಂಚ ಕೊಟ್ಟು ಆಣೆ ಹಾಕಿಸಿದರು. "ಬೇಟಾ, ನಮ್ಮ ಬಣ್ಣಕ್ಕ ಉಗಾದಿಯಿಂದ ಉಗಾದಿ ತನಕ ನಮ್ಮ ಜಬಾನು, ನಮ್ಮ ಮಾತು. ನಡುವ ಎದ್ದರ ಪುಕ್ಕಟೆ ಮತ್ತ ಹಚ್ಚಿಕೊಡಬೇಕು. ಮತ್ತ ಹಚ್ಚಿದ್ದಕ್ಕ ಮತ್ತ ಒಂದು ವರ್ಷ. ಜಬಾನು ಬಾಕಿ ಇಟ್ಟು ಹೊಳಿ ದಾಟಬ್ಯಾಡ. ಅತ್ತಾಗ ಕೃಷ್ಣಾ ದಾಟಬ್ಯಾಡ, ಇತ್ತಾಗ ತುಂಗಭದ್ರಾ ದಾಟಬ್ಯಾಡ."

ನಾನು ಹೂಂ ಅಂದುಬಿಟ್ಟೆ. ಆಮೇಲೆ ಹೊಳೆಯಿತು, ನಮ್ಮ ಸೀಮೆ ಇರುವುದೇ ಆ ಎರಡು ಹೊಳೆಗಳ ನಡುವೆ. ಉಸ್ತಾದರು ನನ್ನನ್ನು ಕಪಾಟಿನೊಳಗೆ ಇಟ್ಟು ಬಾಗಿಲು ಹಾಕಿ ಹೋಗಿದ್ದರು.

ನನಗೋ ಹೊಳೆ ದಾಟಲೇಬೇಕಿತ್ತು. ಆಚೆ ಬಳ್ಳಾರಿ ಕಡೆಯ ಒಂದು ನಾಟಕ ಕಂಪನಿಯ ಮಾಲಕ ಒಮ್ಮೆ ಸಿಂಧನೂರಿಗೆ ಬಂದಾಗ ನನ್ನ ಕೈಗೆಲಸ ನೋಡಿ, "ಪರದೆ ಬರೆಯಾಕ ಬಾರೋ, ಊರೂರು ತಿರುಗಬಹುದು" ಅಂದಿದ್ದ. ಊರೂರು ತಿರುಗುವುದು! ಅದಕ್ಕಿಂತ ಹೆಚ್ಚಿಗೆ ನನಗೆ ಏನು ಬೇಕು? ಪರದೆಯ ಮೇಲೆ ಅರಮನೆ ಬರೆದರೆ ಅದರ ಮುಂದೆ ಯಾರೂ ಒಲೆ ಹೂಡುವುದಿಲ್ಲ. ಕಾಡು ಬರೆದರೆ ಯಾರೂ ಅದಕ್ಕೆ ಒಗ್ಗರಣೆ ಸಿಡಿಸುವುದಿಲ್ಲ. ಪ್ರತಿ ವರ್ಷ ಟಿನ್ನಿನ ಪೆಟ್ಟಿಗೆಗೆ ಹಗ್ಗ ಕಟ್ಟುತ್ತಿದ್ದೆ. ಪ್ರತಿ ವರ್ಷ ಯಾರಾದರೂ ಬಂದು ಬಿಚ್ಚಿಸುತ್ತಿದ್ದರು.

ಬೆಳಗಿದ ಕಪಾಟು

ಮಸ್ಕಿಯ ಕಿರಾಣಿ ಅಂಗಡಿಯವರ ಮನೆ. ಉಗಾದಿಗೆ ನೀಲಿ ಬಣ್ಣ ಹಚ್ಚಿಕೊಟ್ಟಿದ್ದೆ. ಪಂಚಮಿ ಹಬ್ಬದ ಹೊತ್ತಿಗೆ ಕರೆ ಬಂತು. ಹೋದೆ. ಪಡಸಾಲೆಯಲ್ಲಿ ಕಪಾಟು ನಿಲ್ಲಿಸಿದ್ದರು. ನೋಡಿದರೆ ಬಣ್ಣ ಎದ್ದಿಲ್ಲ, ಸಿಪ್ಪೆ ಬಿಟ್ಟಿಲ್ಲ, ಬಿರುಕು ಬಿಟ್ಟಿಲ್ಲ. ಬಣ್ಣವೇ ಇಲ್ಲ. ಬಡಿಗೇರ ಈಗ ತಾನೇ ಉಜ್ಜಿ ಇಟ್ಟುಹೋದ ಹಾಗೆ ಮರ ಬೆಳ್ಳಗೆ ಹೊಳೆಯುತ್ತಿದೆ.

"ಬಣ್ಣ ಎಲ್ಲೈತ್ರಿ?" ಅಂದೆ.

ಅಂಗಡಿಯವರ ಹೆಂಡತಿ ಸೊಂಟದ ಮೇಲೆ ಕೈ ಇಟ್ಟರು. "ಅದನ್ನ ನಾವು ನಿನ್ನ ಕೇಳಾಕತ್ತೀವಿ."

ಕಂಬದ ಹಿಂದೆ ಸೊಸೆ ನಿಂತಿದ್ದಳು. ಪಾಮನಕಲ್ಲೂರಿನಿಂದ ಬಂದ ಹುಡುಗಿ, ಈ ಮನೆಗೆ ಬಂದು ವರ್ಷ ತುಂಬಿರಲಿಲ್ಲ. ಸೆರಗಿನ ತುದಿ ಹಿಡಿದು ಸಣ್ಣ ದನಿಯಲ್ಲಿ ಹೇಳಿದಳು: "ಹಬ್ಬ ಬಂತಂತ ಎಲ್ಲಾ ಬೆಳಗೀನ್ರಿ. ಕೊಡ, ತಂಬಿಗಿ, ತಾಟು, ಕಪಾಟು. ಹುಣಸಿಹಣ್ಣು ಹಚ್ಚಿ, ಬೂದಿ ಹಾಕಿ, ನಾರಿಲೆ ತಿಕ್ಕೀನಿ."

"ಕಪಾಟಿಗೆ ಹುಣಸಿಹಣ್ಣು ಹಚ್ಚಿದ್ಯಾ?"

"ಮೊದಲನೇ ದಿನ ಏನೂ ಬರಲಿಲ್ರಿ. ಭಾಳ ಹಟಮಾರಿ ಇತ್ತು ನಿಮ್ಮ ಬಣ್ಣ. ಮೂರನೇ ದಿನಕ್ಕ ಸ್ವಚ್ಛ ಆತು."

ನನ್ನ ಬಣ್ಣ ಗಟ್ಟಿ ಎಂದು ಒಬ್ಬರಾದರೂ ಬಾಯಿಬಿಟ್ಟು ಹೇಳಿದರಲ್ಲ ಎಂದು ನನಗೆ ಒಳಗೊಳಗೇ ಸಂತೋಷ. ಆದರೂ ಅತ್ತೆಗೆ ಹೇಳಿದೆ: "ಅವ್ವಾ, ಬಣ್ಣ ಹಚ್ಚಿದ ಸಾಮಾನು ತಿಕ್ಕಬಾರದು."

"ಅಡಗಿ ಮನ್ಯಾಗ ಇದ್ದದ್ದನ್ನ ತಿಕ್ಕಬಾರದಂತ ಯಾರು ಹೇಳ್ಯಾರ? ದಿನಾ ಹಿತ್ತಾಳಿ ಕೊಡ ತಿಕ್ಕತಾಳ ಈಕಿ. ಹಿತ್ತಾಳಿ ಹೋಗ್ಯಾದೇನು?"

ಎರಡು ದಿನ ಕೂತು ಮತ್ತೆ ನೀಲಿ ಹಚ್ಚಿದೆ. ಒದ್ದೆ ಅರಿವೆಯಿಂದ ಒರೆಸಿದರೆ ಸಾಕು ಎಂದು ಮೂರು ಸಲ ಹೇಳಿದೆ. ಅತ್ತೆ ಮೂರು ಸಲ ತಲೆ ಅಲ್ಲಾಡಿಸಿದರು. ಎಂಥ ಅಲ್ಲಾಡಿಸುವಿಕೆ ಅದು ಎಂದು ನನಗೆ ಗೊತ್ತಿತ್ತು. ಕುಂಚ ಕಟ್ಟಿಕೊಂಡು ಹೊರಬಿದ್ದಾಗ ಸೊಸೆ ಹಿತ್ತಲ ಬಾಗಿಲಿನಿಂದ ಸುತ್ತಿ ಓಡಿ ಬಂದಳು. ಆಚೆ ಈಚೆ ನೋಡಿ ಅಂದಳು:

"ಅಣ್ಣಾ, ಮುಂದಿನ ಸಲ ಜರಾ ಲಗೂನ ಹೋಗೋ ಬಣ್ಣ ತಗೊಂಡು ಬಾ. ತೋಳು ಬಿದ್ದು ಹೋಗ್ಯಾವ."

ಹೊಸಬರು ಹಳಬರು

ತುರ್ವಿಹಾಳದ ಗೌಡರ ಮನೆಯಲ್ಲಿ ಹಸಿರು ಬಣ್ಣ. ಎಲೆಹಸಿರು, ಕಣ್ಣಿಗೆ ತಂಪು. ಎಂಟು ತಿಂಗಳಿಗೆ ಕರೆ ಬಂತು. ಪಡಸಾಲೆಗೆ ತಂದಿಟ್ಟ ಕಪಾಟು ನೋಡಿ, ಇದು ಬೇರೆ ಯಾರದೋ ಇರಬೇಕು ಎಂದುಕೊಂಡೆ. ಮೇಲಿನಿಂದ ಕೆಳಗಿನ ತನಕ ರೊಟ್ಟಿ ಹಂಚಿನಷ್ಟು ಕಪ್ಪು. ಒಂದು ಬಾಗಿಲ ನಡುವೆ ಮಾತ್ರ ದುಂಡಗೆ ಒಂದು ಹಸಿರು ಚಂದ್ರ. ಅಲ್ಲಿ ಮೊಳೆ ಹೊಡೆದು ಜರಡಿ ನೇತುಹಾಕುತ್ತಿದ್ದರಂತೆ.

ಗೌಡತಿ ಆ ದುಂಡಗಿನ ಮೇಲೆ ಬೆರಳಿಟ್ಟಳು. "ಇದನ್ನ ಯಾರು ಹಚ್ಚ್ಯಾರ?"

"ನಾನು ರೀ."

"ಹಂಗಾದ್ರ ಉಳಿದದ್ದು ಕರೇದು ಯಾಕ ಹಚ್ಚಿದಿ?"

"ಕರೇದು ನಾ ಹಚ್ಚಿದ್ದಲ್ರೀ ಅವ್ವಾ. ಅದು ಹೊಗಿ. ಬಣ್ಣದ ಮ್ಯಾಲ ಹೊಗಿ ಕುಂತೈತಿ."

"ಹೊಗಿ ಇದ್ದರ ಇರವಲ್ದ್ಯಾಕ?"

"ಹೊಗಿ ಇದ್ದಲ್ಲಿ ಬಣ್ಣ ಬಾಳಂಗಿಲ್ರೀ."

ಗೌಡತಿ ಆಗ ಕೆಳಗೆ ಕೂತಳು. ಕೂತಳೆಂದರೆ ದೊಡ್ಡ ಮಾತು ಬರುತ್ತದೆ ಎಂದು ಲೆಕ್ಕ. ಹಿಂದೆ ಬಾಗಿಲಲ್ಲಿ ಆಕೆಯ ಮೂರು ಜನ ಸೊಸೆಯಂದಿರು ಸಾಲಾಗಿ ನಿಂತರು. "ಕೇಳಿಲ್ಲಿ ತಮ್ಮಾ. ಈ ಮನ್ಯಾಗ ಹೊಗಿ ಮೂವತ್ತು ವರ್ಷದಿಂದ ಐತಿ. ನಿನ್ನ ಬಣ್ಣ ನಿನ್ನಿ ಬಂದೈತಿ. ಹಿಂದಿನಿಂದ ಬಂದವರು ಮೊದಲ ಇದ್ದವರ ಕೂಡ ಹೊಂದ್ಕೊಂಡು ಹೋಗಬೇಕೋ, ಮೊದಲ ಇದ್ದವರು ಮನಿ ಬಿಟ್ಟು ಹೋಗಬೇಕೋ?"

ಸೊಸೆಯಂದಿರು ಮೂವರೂ ನೆಲ ನೋಡಿದರು. ಈ ಮಾತು ಅವರು ಮೊದಲ ಸಲ ಕೇಳುತ್ತಿಲ್ಲ ಎಂದು ತಿಳಿಯಿತು. ನಾನೂ ನೆಲ ನೋಡಿದೆ.

ಜಗಳ ಬೇಡ ಎಂದು ಒಂದು ಉಪಾಯ ಮಾಡಿದೆ. ಬಣ್ಣವನ್ನೇ ಕಪ್ಪು ಹಚ್ಚಿದರೆ ಹೊಗೆ ಏನು ಮಾಡೀತು? ಮಸಿ ಅರೆದು, ಎಣ್ಣೆಯಲ್ಲಿ ಕಲಸಿ, ಎರಡು ಪದರು ಕಪ್ಪು ಹಚ್ಚಿದೆ. ನನ್ನ ಬುದ್ಧಿಗೆ ನಾನೇ ತಲೆದೂಗಿದೆ. ಇದೊಂದು ಕಪಾಟಿನ ಕಾಟ ತಪ್ಪಿತು ಎಂದುಕೊಂಡು ಪೆಟ್ಟಿಗೆಗೆ ಹಗ್ಗ ಬಿಗಿದೆ.

ಆರು ತಿಂಗಳಿಗೆ ಗೌಡರ ಮನೆಯ ಆಳು ಸಿಂಧನೂರಿಗೆ ಬಂದು ನನ್ನನ್ನು ಹುಡುಕಿ ಹಿಡಿದ.

"ಗೌಡತೇರು ಬರಾಕ ಹೇಳ್ಯಾರ."

"ಮತ್ತೇನಾತೋ? ಕರೇದು ಕರೇದಾಗೇ ಐತಿಲ್ಲ?"

"ಇಲ್ಲಪಾ. ದಿನಾ ಅದರ ಮಗ್ಗಲದಾಗ ಜ್ವಾಳದ ಹಿಟ್ಟು ಜರಡಿ ಹಿಡೀತಾರ. ಬೆಳ್ಳಗಾಗೈತಿ."

ಉಪ್ಪಿನಕಾಯಿಗೆ ಜಾಮೀನು

ಲಿಂಗಸುಗೂರಿನಲ್ಲಿ ಕಚೇರಿಯ ಕಾಗದಪತ್ರವೆಲ್ಲ ಒಬ್ಬ ಪೇಶ್ಕಾರ ಸಾಹೇಬರ ಕೈಕೆಳಗೆ ನಡೆಯುತ್ತಿತ್ತು. ಅವರ ಮನೆಯ ಕಪಾಟಿಗೆ ಗೇರು ಹಣ್ಣಿನ ಕೆಂಪು ಹಚ್ಚಿದ್ದೆ. ಮಳೆಗಾಲದಲ್ಲಿ ಗೋಡೆಯ ಥಂಡಿ ಹಿಡಿದು, ಹಿಂಬದಿಯ ಬಣ್ಣ ಹಪ್ಪಳದ ಹಾಗೆ ಉಬ್ಬಿತು. ಸುದ್ದಿ ತಿಳಿದು ನಾನೇ ಹೋಗಿ ಸಲಾಮು ಮಾಡಿ, "ಮತ್ತ ಹಚ್ಚಿಕೊಡ್ತೀನಿ ಸಾಹೇಬರ" ಅಂದೆ.

ಬೇರೆ ಯಾರಾದರೂ ಆಗಿದ್ದರೆ ಹಚ್ಚು ಅನ್ನುತ್ತಿದ್ದರು. ಸಾಹೇಬರು ಇಪ್ಪತ್ತು ವರ್ಷ ಕಚೇರಿಯಲ್ಲಿ ಕಳೆದವರು.

"ಬಾಯಿ ಮಾತಿಲೆ ಹೆಂಗ ನಡೀತದ? ಮೊದಲು ಅರ್ಜಿ ಆಗಬೇಕು. ಆಮ್ಯಾಲ ಪಂಚನಾಮಾ ಆಗಬೇಕು. ಬಣ್ಣದ ತಪ್ಪೋ, ಗೋಡೆ ತಪ್ಪೋ ತಿಳೀಬೇಕಲ್ಲ?"

"ಬಣ್ಣದ್ದ ತಪ್ಪು ಅನ್ರಿ ಸಾಹೇಬರ, ನನಗ ಬ್ಯಾಸರ ಇಲ್ಲ."

"ನೀ ಒಪ್ಪಿದ್ರ ಆಯ್ತೇನು? ತನಿಖೆ ಆಗಬೇಕು."

ಅರ್ಜಿ ಅವರೇ ಬರೆದರು, ನನ್ನ ಹೆಬ್ಬೆಟ್ಟು ಒತ್ತಿಸಿದರು. ನನಗೆ ಸಹಿ ಬರುತ್ತದೆ ಅಂದರೂ ಕೇಳಲಿಲ್ಲ, ಹೆಬ್ಬೆಟ್ಟು ಹೆಚ್ಚು ಭದ್ರ ಅಂದರು. ಓಣಿಯ ಐದು ಮಂದಿ ಪಂಚರು ಬಂದು ಚಹಾ ಕುಡಿದು ಉಬ್ಬಿದ ಬಣ್ಣ ಮುಟ್ಟಿ ನೋಡಿದರು. ಒಬ್ಬ ಉಗುರಿನಿಂದ ಒಂದು ಚಕ್ಕೆ ಎಬ್ಬಿಸಿದ. ಸಾಹೇಬರು ಹೌಹಾರಿದರು. "ಸಾಕ್ಷಿ ಸಬೂತು ಕೆಡಸಬ್ಯಾಡ್ರಿ!" ಆ ಕ್ಷಣವೇ ಕಪಾಟಿನ ಬಾಗಿಲಿಗೆ ದಾರ ಸುತ್ತಿ, ಅರಗು ಕಾಯಿಸಿ ಮೊಹರು ಒತ್ತಿದರು. ತನಿಖೆ ಮುಗಿಯುವ ತನಕ ಯಾರೂ ಕೈ ಹಚ್ಚಬಾರದು ಎಂದು ಹುಕುಂ ಆಯಿತು. ಮನೆಯಲ್ಲಿ ಸಾಹೇಬರ ಹುಕುಂ ಮೀರುವವರು ಯಾರು?

ಆಮೇಲೆ ಕಾಗದಕ್ಕೆ ಕಾಲು ಬಂತು. ಗೋಡೆ ಕಟ್ಟಿದವನ ಹೇಳಿಕೆ, ಬಡಿಗೇರನ ಹೇಳಿಕೆ, ನನ್ನ ಹೇಳಿಕೆ. ನಾನು ನಾಲ್ಕು ತಿಂಗಳು ವಾರಕ್ಕೊಮ್ಮೆ ಹೋಗುವುದು, ಕಟ್ಟೆಯ ಮೇಲೆ ಕೂಡುವುದು, ಇನ್ನೂ ಆಗಿಲ್ಲ ಅನಿಸಿಕೊಂಡು ಬರುವುದು. ಆ ನಾಲ್ಕು ತಿಂಗಳಲ್ಲಿ ನಾಟಕ ಕಂಪನಿ ಬಳ್ಳಾರಿ ಬಿಟ್ಟು ಹೋಗಿ ತಿರುಗಿ ಬಳ್ಳಾರಿಗೇ ಬಂತು.

ಒಂದು ದಿನ ಹೀಗೇ ಕಟ್ಟೆಯ ಮೇಲೆ ತೂಕಡಿಸುತ್ತ ಕೂತಿದ್ದೆ. ಒಳಗಿನ ಪರದೆಯ ಹಿಂದಿನಿಂದ ಬೇಗಂ ಸಾಹೇಬರ ದನಿ ಕೇಳಿಸಿತು. ಬಹಳ ಸೋತ ದನಿ.

"ಭಾಯಿ, ನಿಮಗ ಕಚೇರಿ ಕಾಯ್ದಾ ಏನಾದ್ರೂ ಗೊತ್ತೇನು?"

"ಇಲ್ಲಮ್ಮಾ. ಯಾಕ್ರಿ?"

"ಆ ಕಪಾಟದಾಗ ನನ್ನ ತವರಿನಿಂದ ಬಂದ ಮಾವಿನ ಉಪ್ಪಿನಕಾಯಿ ಅದ. ನಾಲ್ಕು ತಿಂಗಳಾತು, ಒಣಾ ರೊಟ್ಟಿ ತಿನ್ನಾಕತ್ತೀವಿ. ಉಪ್ಪಿನಕಾಯಿಗೆ ಜಾಮೀನು ಸಿಗ್ತದೇನು?"

ಕಡೆಗೆ ಸಾಹೇಬರಿಗೆ ವರ್ಗವಾಯಿತು. ಮೊಹರು ಒಡೆಯಲಿಕ್ಕೆ ಅಪ್ಪಣೆ ಬಂದಿರಲಿಲ್ಲವಾದ್ದರಿಂದ ಕಪಾಟು ಹಾಗೆಯೇ ಬಂಡಿ ಹತ್ತಿತು, ಕೃಷ್ಣೆ ದಾಟಿತು. ನಾನು ಹಚ್ಚಿದ ಬಣ್ಣ ನನಗಿಂತ ಮೊದಲು ಹೊಳೆ ದಾಟಿತಲ್ಲ ಎಂದು ದಂಡೆಯ ತನಕ ಹೋಗಿ ನೋಡಿ ಬಂದೆ.

ಉಣ್ಣೆ ಬಂದ ಕಪಾಟು

ಇದರಲ್ಲಿ ತಪ್ಪು ನನ್ನದೇ. ಮುಚ್ಚಿಡುವುದಿಲ್ಲ.

ಬಣ್ಣದ ಪುಡಿಯನ್ನು ಅಗಸೆ ಎಣ್ಣೆಯಲ್ಲಿ ಕಲಸಬೇಕು. ಅಗಸೆ ಎಣ್ಣೆ ಗಾಳಿಗೆ ಒಣಗಿ ಗಟ್ಟಿಯಾಗುತ್ತದೆ, ಅದೇ ಬಣ್ಣದ ಜೀವ. ಯುದ್ಧದ ಕಾಲ ಅದು. ಸಿಂಧನೂರಿನಲ್ಲಿ ಒಬ್ಬ ಹತ್ತಿ ವ್ಯಾಪಾರಿಯ ಮನೆಯ ಕೆಲಸ ಹಿಡಿದಿದ್ದೆ. ಎಲ್ಲಿ ಹುಡುಕಿದರೂ ಅಗಸೆ ಎಣ್ಣೆ ಇಲ್ಲ. ಗಾಣದವನ ಹತ್ತಿರ ಹೋದೆ. ಅವನ ಬಳಿ ಇದ್ದದ್ದು ಶೇಂಗಾ ಎಣ್ಣೆ.

"ಇದ ನಡೀತೈತೇನೋ?" ಅಂದೆ.

ಅವನು ಎತ್ತಿನ ಹಿಂದೆ ತಿರುಗುತ್ತಲೇ ಅಂದ: "ನಾ ಇದರಾಗ ಬಜಿ ಕರೀತೀನಿ, ತಲಿಗೆ ಹಚ್ಕೊಂತೀನಿ, ದೀಪ ಹಚ್ಚತೀನಿ. ನಿನ್ನ ಕಪಾಟು ನನಗಿಂತ ದೊಡ್ಡದೇನು?"

ಸರಿಯೆನ್ನಿಸಿತು. ಮೂರನೇ ಜಮಾತಿಗೆ ಶಾಲೆ ಬಿಟ್ಟವನಿಗೆ ಇಷ್ಟು ತರ್ಕ ಸಾಕು. ಹಳದಿ ಬಣ್ಣ ಕಲಸಿ, ಮಿರಿಮಿರಿ ಮಿಂಚುವಂತೆ ಹಚ್ಚಿದೆ. ಉಳಿದ ಬಣ್ಣ ಚೆಲ್ಲುವುದೇಕೆ ಎಂದು ನನ್ನ ಟಿನ್ನಿನ ಪೆಟ್ಟಿಗೆಗೂ ಒಂದು ಪದರು ಬಳಿದುಕೊಂಡೆ. ಬಳ್ಳಾರಿಗೆ ಹೋಗುವಾಗ ಪೆಟ್ಟಿಗೆ ಚಂದ ಕಾಣಬೇಡವೇ?

ಶೇಂಗಾ ಎಣ್ಣೆ ಒಣಗುವ ಜಾತಿಯದಲ್ಲ. ವಾರ ಕಳೆಯಿತು, ತಿಂಗಳು ಕಳೆಯಿತು. ಮುಟ್ಟಿದರೆ ಬೆರಳು ಹತ್ತುತ್ತಿತ್ತು. ವ್ಯಾಪಾರಿ ಕೇಳಿದಾಗಲೆಲ್ಲ, "ಥಂಡಿ ಹವಾ ಐತ್ರಿ, ಬಿಸಿಲಿಗೆ ಒಣಗತೈತಿ" ಅನ್ನುತ್ತಿದ್ದೆ. ಬಿಸಿಲು ಬಂತು, ಮೊದಲು ಬೆರಳು ಹಿಡಿಯುತ್ತಿದ್ದದ್ದು ಈಗ ಅಂಗೈ ಹಿಡಿಯತೊಡಗಿತು. ನನ್ನ ಪೆಟ್ಟಿಗೆಯ ಹಗ್ಗವೂ ಬಣ್ಣದಲ್ಲಿ ಹೂತು ಬಿಚ್ಚಲಿಕ್ಕೆ ಬರಲಿಲ್ಲ. ಅದರ ಮೇಲೆ ಒಂದು ಗೋಣಿತಟ್ಟು ಹೊದಿಸಿ ಸುಮ್ಮನಾದೆ.

ಹತ್ತಿಯ ಸುಗ್ಗಿ ಶುರುವಾಯಿತು. ವ್ಯಾಪಾರಿಯ ಮನೆ ತುಂಬ ಹತ್ತಿ ತುಂಬಿದ ಅಂಡಿಗೆ ಚೀಲಗಳು. ಗಾಳಿಯಲ್ಲಿ ಹತ್ತಿಯ ಎಳೆ ಹಾರಾಡುತ್ತದೆ, ಹಾರಿದ್ದೆಲ್ಲ ಕಪಾಟಿನ ಮೇಲೆ ಕೂಡುತ್ತದೆ, ಕೂತದ್ದು ಏಳುವುದಿಲ್ಲ. ನನ್ನನ್ನು ಕರೆಸಿದಾಗ ಪಡಸಾಲೆಯಲ್ಲಿ ಕಪಾಟು ಬೆರಳುದ್ದ ಬಿಳಿಯ ತುಪ್ಪಳ ಹೊದ್ದು ನಿಂತಿತ್ತು. ಮನೆಯ ಬೆಕ್ಕು ಅದಕ್ಕೆ ಮೈ ತಿಕ್ಕಲಿಕ್ಕೆ ಹೋಗಿ, ಅರ್ಧ ತುಪ್ಪಳ ಅಲ್ಲಿಯೇ ಬಿಟ್ಟು ಬಂದಿತ್ತಂತೆ. ಅಲ್ಲೊಂದು ಕಡೆ ಬೂದು ಮಚ್ಚೆ.

ವ್ಯಾಪಾರಿ ಬೈಯಲಿಲ್ಲ. ಬೈಯುವುದನ್ನು ದಾಟಿ ಹೋಗಿದ್ದ. "ನೋಡು," ಅಂದ, "ನೀನ ನೋಡು."

ಅದೇ ಹೊತ್ತಿಗೆ ಕಂಬಳಿ ಮಾರಲಿಕ್ಕೆ ಬಂದ ಕುರಿ ಕಾಯುವ ಅಜ್ಜ ಒಬ್ಬ ಅಂಗಳದಲ್ಲಿ ನಿಂತಿದ್ದ. ಅವನಿಗೆ ಕಣ್ಣು ಮಂಜು. ಕಪಾಟಿನ ಹತ್ತಿರ ಬಂದು ಕೈ ಆಡಿಸಿದ. ತುಪ್ಪಳದಲ್ಲಿ ಬೆರಳು ತೂರಿಸಿ ಹದ ನೋಡಿದ. ಇನ್ನೂ ಒಳಗೆ ಒತ್ತಿದ, ಹಲಗೆ ತಾಗಿತು. ಮುಖ ಸಪ್ಪಗಾಯಿತು.

"ಸಾವುಕಾರ್ರೇ, ಉಣ್ಣಿ ಕತ್ತರಸಾಕ ಬಂದೈತಿ. ಆದರ ಕುರಿಗೆ ಸರಿ ಮೇವು ಹಾಕಿಲ್ರಿ ನೀವು, ಬರೇ ಎಲುವ ಉಳದೈತಿ."

ಹೊಳೆಯ ದಂಡೆ

ಇಷ್ಟಾದ ಮೇಲೆ ಗಟ್ಟಿ ಮನಸ್ಸು ಮಾಡಿದೆ. ಇನ್ನು ಹೊಸ ಕಪಾಟು ಮುಟ್ಟುವುದಿಲ್ಲ. ಪೇಶ್ಕಾರ ಸಾಹೇಬರ ಕಪಾಟು ತಾನೇ ಹೊಳೆ ದಾಟಿ ನನ್ನ ಲೆಕ್ಕದಿಂದ ಹೊರಗೆ ಹೋಗಿತ್ತು. ಹತ್ತಿ ವ್ಯಾಪಾರಿಯ ಕಪಾಟನ್ನು ಕೆರೆದು ಕೆರೆದು ಬರಿಮರ ಮಾಡಿದೆ. ಇನ್ನು ಬಣ್ಣದ ಹೆಸರು ಎತ್ತಬೇಡ ಎಂದು ಅವನೇ ಕೈ ಮುಗಿದ. ತುರ್ವಿಹಾಳದ ಗೌಡತಿ, ಕಪ್ಪೋ ಬಿಳುಪೋ ಇದ್ದ ಹಾಗೆ ಇರಲಿ ಎಂದಳು. ಮಸ್ಕಿಯ ಸೊಸೆ ತೋಳಿನ ನೋವು ತಾಳದೆ ತವರಿಗೆ ಹೋದಳು. ತಿಕ್ಕುವ ಪಾಳಿ ಅತ್ತೆಯ ಮೇಲೆ ಬಂತು. ಆ ಕ್ಷಣದಿಂದ ಬಣ್ಣ ತಿಕ್ಕಬಾರದು ಎಂಬುದು ಆಕೆಗೂ ತಿಳಿಯಿತು. ಆ ಒಂದು ವರ್ಷ ಎತ್ತಿನ ಕೊಂಬಿಗೆ, ಬಂಡಿಯ ಗಾಲಿಗೆ ಬಣ್ಣ ಹಚ್ಚಿ ಹೊಟ್ಟೆ ಹೊರೆದೆ. ಕೊಂಬಿನ ಬಣ್ಣ ಹೋಯಿತೆಂದು ಎತ್ತು ಬಂದು ಕೇಳುವುದಿಲ್ಲ.

ಉಳಿದದ್ದು ಒಂದೇ ಮಾತು: ತುಂಗಭದ್ರೆಯ ದಂಡೆಯ ಮುಕ್ಕುಂದದಲ್ಲಿ ಒಬ್ಬ ಮುದುಕಿಯ ಮನೆಯ ಕಪಾಟು. ಹಿಂದಿನ ಉಗಾದಿಗೆ, ಒಳ್ಳೆಯ ಅಗಸೆ ಎಣ್ಣೆಯಲ್ಲಿ ಕಲಸಿ, ಒಳಗೂ ಹೊರಗೂ ಗುಲಾಬಿ ಬಣ್ಣ ಹಚ್ಚಿದ್ದೆ. ವರ್ಷವಿಡೀ ಅಲ್ಲಿಂದ ಕರೆ ಬಂದಿರಲಿಲ್ಲ. ಉಗಾದಿಯ ದಿನ ಹೊತ್ತು ಹುಟ್ಟಿದರೆ ಆ ಮಾತೂ ಮುಗಿಯಿತು. ಎದುರು ದಂಡೆಯೇ ಇಂಗ್ರೇಜಿ ಸರಕಾರದ ನೆಲ, ಬಳ್ಳಾರಿಯ ದಾರಿ.

ಉಗಾದಿಯ ಬೆಳಿಗ್ಗೆ ಪೆಟ್ಟಿಗೆ ಹೊತ್ತು ಮುಕ್ಕುಂದಕ್ಕೆ ಬಂದೆ. ಬೇಸಿಗೆಯಾದರೂ ಮಡುವಿನ ಹತ್ತಿರ ನೀರು ಆಳ, ಅಲ್ಲಿ ಹರಿಗೋಲು ಹಾಕುತ್ತಿದ್ದರು. ಅಂಬಿಗ ಹಬ್ಬದ ಹೊಸ ಧೋತರ ಉಟ್ಟು ನಿಂತಿದ್ದ. ಪೆಟ್ಟಿಗೆ ಅವನ ಹತ್ತಿರ ಇಟ್ಟೆ. ದಾರಿಯಲ್ಲಿ ಜಾಲಿ ಮುಳ್ಳಿಗೆ ಸಿಕ್ಕು ಗೋಣಿತಟ್ಟು ಕಿತ್ತುಹೋಗಿತ್ತು.

"ಒಂದು ಗಳಿಗಿ ನಿಂದ್ರಪಾ. ಒಂದು ಕಪಾಟದ ಮಾರಿ ನೋಡಿ ಬಂದುಬಿಡ್ತೀನಿ."

"ಲಗೂನ ಬಾ. ಮನ್ಯಾಗ ಹೋಳಗಿ ಆಗಾಕತ್ತಾವು."

ಮುದುಕಿ ಕಟ್ಟೆಯ ಮೇಲೆ ಕೂತಿದ್ದಳು. ಬೇವು ಬೆಲ್ಲ ಕೊಟ್ಟಳು. ಕಪಾಟು ಹೆಂಗೈತಿ ಬೇ ಎಂದು ಕೇಳಿದೆ.

"ಒಳಗ ಬಾ, ನೋಡು."

"ಅಡಗಿ ಮನಿಗಾ?"

"ಬಾರೋ, ಏನಾಗಂಗಿಲ್ಲ."

ಜೀವಮಾನದಲ್ಲಿ ಮೊದಲ ಸಲ ನನ್ನ ಕಪಾಟು ಅದರ ಸ್ವಂತ ಜಾಗದಲ್ಲಿ ನಿಂತದ್ದನ್ನು ಕಂಡೆ. ಗುಲಾಬಿ ಬಣ್ಣ, ನಿನ್ನೆ ಹಚ್ಚಿದ ಹಾಗೆ. ಒಂದು ಗೆರೆ ಇಲ್ಲ, ಒಂದು ಕಲೆ ಇಲ್ಲ. ಬಾಗಿಲಿಗೆ ಕುಂಕುಮ, ಮೇಲೆ ಮಾವಿನ ಎಲೆ. ನನ್ನ ಕಣ್ಣಲ್ಲಿ ನೀರು ಬಂತು. ಉಸ್ತಾದರು ಇದ್ದಿದ್ದರೆ ಎಂದುಕೊಂಡೆ. ಆಮೇಲೆ ನಿಧಾನವಾಗಿ ಸುತ್ತ ನೋಡಿದೆ. ಗೋಡೆ ಬೆಳ್ಳಗಿದೆ. ಒಲೆ ತಣ್ಣಗಿದೆ. ಒಲೆಯಲ್ಲಿ ಬೂದಿ ಸಹ ಇಲ್ಲ.

"ಯವ್ವಾ, ಅಡಗಿ ಎಲ್ಲಿ ಮಾಡ್ತೀರಿ?"

"ಹಿತ್ತಲದಾಗ. ಇಂಥಾ ಬಣ್ಣದ ಮುಂದ ಹೊಗಿ ಎಬ್ಬಸಾಕ ಮನಸು ಬರಲಿಲ್ಲೋ ತಮ್ಮಾ. ಮಳಿಗಾಲದಾಗ ನನ್ನ ಸೊಸಿ ತಲಿ ಮ್ಯಾಲ ಗೋಣಿಚೀಲ ಹಾಕ್ಕೊಂಡು ರೊಟ್ಟಿ ಬಡದಾಳ."

ಹಿತ್ತಲ ಬಾಗಿಲಲ್ಲಿ ಸೊಸೆ ಬಂದು ನಿಂತಿದ್ದಳು. ಮುಖ ಬಿಸಿಲಿಗೆ ಕೆಂಪಾಗಿತ್ತು, ಕೈಯಲ್ಲಿ ಲಟ್ಟಣಿಗೆ. ನನ್ನನ್ನು ನೋಡಿದ ನೋಟ ನಾನು ಮರೆಯುವ ಹಾಗಿಲ್ಲ.

"ಕಪಾಟದಾಗ ಏನಿಟ್ಟೀರಿ?" ಅಂದೆ.

"ಏನೂ ಇಟ್ಟಿಲ್ಲ. ಒಳಗೂ ಬಣ್ಣ ಹಚ್ಚಿಯಲ್ಲ, ಡಬ್ಬಿ ತಾಕಿದ್ರ?"

ನನಗೇನು, ಬಣ್ಣ ಉಳಿದಿದೆ, ವರ್ಷ ಕಳೆದಿದೆ. ಕೈ ಮುಗಿದೆ. "ಚಲೋ ಆತು ಬೇ. ಇವತ್ತಿಗೆ ವರ್ಷದ ಮಾತು ಮುಗೀತು. ನಾ ಹೊಳಿ ದಾಟತೀನಿ."

ಸೊಸೆ ಒಂದು ಹೆಜ್ಜೆ ಮುಂದೆ ಬಂದಳು. "ವರ್ಷ ಮುಗೀತಾ? ಅತ್ತೀ, ಹಂಗಾದ್ರ ಇವತ್ತಿನಿಂದ ಒಳಗ ಒಲಿ ಹಚ್ಚಲೇನು?" ಉತ್ತರಕ್ಕೂ ಕಾಯಲಿಲ್ಲ. ಹಿತ್ತಲಿಗೆ ಓಡಿ, ಕೆಂಡದ ತಟ್ಟೆ ಹಿಡಿದು ಬಂದಳು.

ಮುದುಕಿ ನನ್ನ ಕಡೆ ತಿರುಗಿದಳು. "ಯಾವ ವರ್ಷ ಮುಗೀತು ಅಂದಿ?"

"ಹಚ್ಚಿದ ದಿನದಿಂದ ಒಂದು ವರ್ಷ ಬೇ."

"ನನ್ನ ಮದಿವಿ ಆದಾಗ ನಾನು ಎಂಟು ವರ್ಷದಾಕಿ. ಆಮ್ಯಾಲ ಐದು ವರ್ಷ ತವರಾಗ ಇದ್ದೆ. ಆ ಐದು ವರ್ಷ ಬಾಳುವಿ ಅಂತ ಯಾರಾದ್ರೂ ಎಣಿಸ್ಯಾರೇನು?"

"ಇಲ್ಲ ಬೇ."

"ಅತ್ತಿ ಮನಿಗೆ ಬಂದು, ಒಲಿ ಮುಂದ ಕುಂತು, ಹೊಗಿ ಕುಡದ ದಿನದಿಂದ ಬಾಳುವಿ. ಹೌದೋ ಅಲ್ಲೋ?"

"ಹೌದು ಬೇ."

"ನಿನ್ನ ಬಣ್ಣ ಇವತ್ತಿನ ತನಕ ತವರಾಗ ಇತ್ತು. ಇವತ್ತು ಬಾಳುವಿ ಮಾಡಾಕ ಹೊಂಟೈತಿ. ವರ್ಷ ಇವತ್ತಿನಿಂದ ಎಣಿಸು."

ಮದುವೆಯಾಗಿ ತವರಲ್ಲಿದ್ದ ಹುಡುಗಿಯ ಬಾಳುವೆ ಯಾವಾಗಿನಿಂದ ಎಂಬುದು ನಮ್ಮ ಸೀಮೆಯಲ್ಲಿ ಕೂಸಿಗೂ ಗೊತ್ತು. ಎದುರಾಡುವುದೆಲ್ಲಿ? ಸೊಸೆ ಊದುಗೊಳವೆ ತೆಗೆದುಕೊಂಡು ಒಂದು ವರ್ಷದ ಸಿಟ್ಟನ್ನೆಲ್ಲ ಸೇರಿಸಿ ಊದಿದಳು. ಹಸಿ ಜಾಲಿಯ ಕಟ್ಟಿಗೆ. ದಪ್ಪನೆಯ ಹೊಗೆ ಎದ್ದು, ಹೋಗಬೇಕಾದ ಬೆಳಕಿಂಡಿಗೆ ಹೋಗದೆ, ನೇರ ಕಪಾಟಿನ ಕಡೆ ನಡೆಯಿತು. ನಾನು ಹೊಸ್ತಿಲಲ್ಲಿ ನಿಂತು ನೋಡಿದೆ.

"ಏನು ನೋಡಾಕತ್ತೀಯೋ?" ಅಂದಳು ಮುದುಕಿ.

"ಒಂದು ವರ್ಷ ನೋಡಾಕತ್ತೀನಿ ಬೇ."

ಕಾಲೆಳೆದುಕೊಂಡು ದಂಡೆಗೆ ಇಳಿದೆ. ಸುಡುಬಿಸಿಲು. ಅಂಬಿಗ ಕಾದು ಕಾದು ನನ್ನ ಪೆಟ್ಟಿಗೆಯ ಮೇಲೆಯೇ ಕೂತಿದ್ದ.

"ಎಷ್ಟೊತ್ತು ಕುಂಡ್ರಲೋ ಬಣ್ಣದವನ?"

"ಏಳಪಾ. ನಾ ಬರಂಗಿಲ್ಲ. ಪೆಟ್ಟಿಗಿ ತಿರುಗಿ ಒಯ್ತೀನಿ."

ಅಂಬಿಗ ಎದ್ದ. ಪೆಟ್ಟಿಗೆಯೂ ಎದ್ದಿತು. ಅವನು ಹಿಂದೆ ಕೈ ಹಾಕಿ ಜಗ್ಗಿದ, ಕೈ ಅಲ್ಲಿಯೇ ಹತ್ತಿತು. ಒಂದು ಸುತ್ತು ತಿರುಗಿದ, ಪೆಟ್ಟಿಗೆಯೂ ಅವನ ಹಿಂದೆ ಒಂದು ಸುತ್ತು ತಿರುಗಿತು. ಹರಿಗೋಲಿನಲ್ಲಿ ಕೂತಿದ್ದ ಮಂದಿ ಬಿದ್ದು ಬಿದ್ದು ನಗತೊಡಗಿದರು. ನಾನು ಕೆಳಗೆ ಕೂತು, ಅವನ ಹೊಸ ಧೋತರದ ಎಳೆ ಎಳೆ ಬಿಡಿಸಲಿಕ್ಕೆ ಹತ್ತಿದೆ. ಬರಲಿಲ್ಲ. ನನ್ನ ಕೈಯಿಂದ ಹಚ್ಚಿದ ಬಣ್ಣ ಇಷ್ಟು ಗಟ್ಟಿಯಾಗಿ ಹಿಡಿದದ್ದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ.

ಅಂಬಿಗ ಅಳುವ ದನಿಯಲ್ಲಿ ಕೇಳಿದ: "ಇದು ಎಷ್ಟು ದಿನ ಹಿಂಗ ಇರತೈತೋ ಮಾರಾಯಾ?"

ಬಾಯಿಗೆ ಎಷ್ಟು ವರ್ಷದ ರೂಢಿ! ಯೋಚಿಸುವ ಮೊದಲೇ ಮಾತು ಬಿದ್ದು ಹೋಯಿತು:

"ಚಿಂತಿ ಮಾಡಬ್ಯಾಡಪಾ. ಮುಂದಿನ ಉಗಾದಿ ತನಕ ಏನೂ ಆಗಂಗಿಲ್ಲ, ಅದು ನನ್ನ ಮಾತು."